ಒಂದು ಫೋಟೋ ತೆಗೀತೀರಾ?

ಹೋದ ಆಗಸ್ಟಿನಲ್ಲಿ ಜೋಗಕ್ಕೆ ಹೋಗಿದ್ದೆವು. ತಲುಪುವಷ್ಟರಲ್ಲಿ ಕಣಿವೆ ತುಂಬಾ ಮಂಜು. ಎದುರಿಗೇ 830 ಅಡಿ ಮೇಲಿಂದ ಶರಾವತಿ ಬೀಳುತ್ತಿದ್ದಾಳೆ ಅಂತ ಕಿವಿ ಹೇಳುತ್ತಿತ್ತು. ಕಣ್ಣಿಗೆ ಮಾತ್ರ ಯಾರೋ ಬಿಳಿ ಪಂಚೆ ಒಣಹಾಕಿದ ಹಾಗೆ. ಕಂಬಿ ಹಿಡಿದುಕೊಂಡು ನೂರಾರು ಜನ ಕಾಯುತ್ತಿದ್ದೆವು. ಮಂಜು ಒಮ್ಮೆ ಸರಿಯಿತು ನೋಡಿ! ರಾಜ ಕಂಡ, ರೋರರ್ ಕಂಡ, ಆಚೆಗೆ ರಾಕೆಟ್, ಕೊನೆಗೆ ರಾಣಿ. "ಹೋ" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಆ ಕೂಗು ಮುಗಿಯುವುದರೊಳಗೆ ಅಷ್ಟೂ ಜನ ಜಲಪಾತಕ್ಕೆ ಬೆನ್ನು ತಿರುಗಿಸಿ, ಫೋನು ಎತ್ತಿ ಹಿಡಿದು, ಹಲ್ಲು ಬಿಟ್ಟು ನಿಂತರು.

ಜಲಪಾತದ ಕಡೆ ಮುಖ ಮಾಡಿದ್ದವನು ನಾನೊಬ್ಬನೇ ಇರಬೇಕು. ಹಾಗೆ ನಿಂತದ್ದೇ ತಪ್ಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಈ ಫೋಟೋ ತೆಗೆಯುವುದರಲ್ಲಿ ಏನು ಸುಖ ಇದೆ ಅಂತ ನನಗೆ ಇವತ್ತಿನವರೆಗೂ ಅರ್ಥವಾಗಿಲ್ಲ. ನೋಡುವುದಕ್ಕೆ ನನ್ನ ತಕರಾರಿಲ್ಲ. ಯಾರ ಮನೆಗೆ ಹೋದರೂ ಆಲ್ಬಂ ಕೊಟ್ಟರೆ ಕಾಫಿ ಆರುವವರೆಗೆ ನೋಡುತ್ತೇನೆ. ನಮ್ಮ ಬೆಂಗಳೂರಿನವರೇ ಆದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರು ತೆಗೆದ ಕಾಡಿನ ಚಿತ್ರಗಳನ್ನು ಎಷ್ಟು ಸಲ ನೋಡಿದರೂ ಬೇಸರವಿಲ್ಲ. ಅಂಥವರು ಕಣ್ಣು ತುಂಬಾ ನೋಡಿ, ಕಾದು, ಕೊನೆಗೊಮ್ಮೆ ಕ್ಲಿಕ್ ಅನ್ನಿಸುವವರು. ನನ್ನ ತಲೆಗೆ ಹೋಗದೇ ಇರುವುದು ಉಳಿದವರ ವಿಷಯ. ಅಂದರೆ ಸುಮಾರಾಗಿ ಎಲ್ಲರದೂ.

ಜೋಗಕ್ಕೆ ಹೋಗುವ ಮುಂಚೆ ಸಾಗರದಲ್ಲಿ ತಿಂಡಿಗೆ ನಿಲ್ಲಿಸಿದ್ದೆವು. ಮಸಾಲೆ ದೋಸೆ ಬಂತು. ಮೇಲೆ ಬೆಣ್ಣೆ, ಇನ್ನೂ ಗಟ್ಟಿಯಾಗಿದೆ, ಅಂಚಿನಲ್ಲಷ್ಟೇ ಕರಗಲು ಶುರುವಾಗಿದೆ. ಕೈ ಹಾಕಬೇಕು, ಅಷ್ಟರಲ್ಲಿ ಅಕ್ಕನ ಮಗಳು, "ಮಾಮ, ತಡಿ! ಮುಟ್ಬೇಡ!" ಅಂತ ಕಿರುಚಿದಳು. ದೋಸೆಯಲ್ಲಿ ಹುಳ ಗಿಳ ಬಿದ್ದಿದೆಯೇನೋ ಅಂದುಕೊಂಡೆ. ಅವಳು ಕುರ್ಚಿಯಿಂದ ಎದ್ದು, ಚಟ್ನಿ ಬಟ್ಟಲನ್ನು ಎಡಕ್ಕೆ ಸರಿಸಿ, ನನ್ನ ನೀರಿನ ಲೋಟವನ್ನು ಎತ್ತಿ ಪಕ್ಕದ ಟೇಬಲ್ಲಿಗಿಟ್ಟು, ಮೇಲಿಂದ ಒಂದು, ಓರೆಯಾಗಿ ಒಂದು, ಹತ್ತಿರದಿಂದ ಒಂದು ಅಂತ ತೆಗೆದಳು. ಬೆಣ್ಣೆ ಪೂರ್ತಿ ಕರಗಿ ಬಾಳೆಲೆಗೆ ಇಳಿದ ಮೇಲೆ ಊಟಕ್ಕೆ ಅಪ್ಪಣೆ ಸಿಕ್ಕಿತು.

"ಇದನ್ನ ಮತ್ತೆ ಯಾವತ್ತಾದ್ರೂ ನೋಡ್ತೀಯಾ?" ಅಂತ ಕೇಳಿದೆ.

"ನೋಡೋಕಲ್ಲ ಮಾಮ. ಇರ್ಲಿ ಅಂತ."

ಈ 'ಇರ್ಲಿ ಅಂತ' ನನಗೆ ಚೆನ್ನಾಗಿ ಗೊತ್ತಿರುವ ಮಾತು. ನಮ್ಮಮ್ಮ ಖಾಲಿ ಹಾರ್ಲಿಕ್ಸ್ ಬಾಟಲಿ, ಸೀರೆ ಅಂಗಡಿಯ ಕವರು, ತುಂಡು ದಾರ ಎಲ್ಲವನ್ನೂ ಅಟ್ಟಕ್ಕೆ ಸೇರಿಸುವಾಗ ಹೇಳುತ್ತಿದ್ದ ಮಾತು ಅದೇ. ಇರ್ಲಿ, ಯಾವುದಕ್ಕಾದ್ರೂ ಬರುತ್ತೆ. ಅಮ್ಮನ ಅಟ್ಟ ತುಂಬಿದಾಗ ದೀಪಾವಳಿಗೊಮ್ಮೆ ಖಾಲಿಯಾಗುತ್ತಿತ್ತು. ಇವಳ ಫೋನು ಜಾಗ ಇಲ್ಲ ಅಂದಾಗ ಇನ್ನೂ ದೊಡ್ಡ ಫೋನು ಬರುತ್ತದೆ.

ರೀಲಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಒಂದು ರೀಲಿಗೆ 36 ಫೋಟೋ, ಅಷ್ಟೇ. ಯುಗಾದಿಗೆ ಹಾಕಿದ ರೀಲು ನಮ್ಮ ಮನೆಯಲ್ಲಿ ಮುಂದಿನ ಸಂಕ್ರಾಂತಿಯವರೆಗೂ ಬರುತ್ತಿತ್ತು. ಅದಕ್ಕೂ ಹಿಂದೆ ಸ್ಟುಡಿಯೋಗೇ ಹೋಗಬೇಕು. ಹಿಂದೆ ಪರದೆಯ ಮೇಲೆ ಬಣ್ಣದ ಕೊಳ, ಎರಡು ಬಾತುಕೋಳಿ. ಗೋಡೆಗೆ ನೇತುಹಾಕಿದ ಕನ್ನಡಿ, ಅದರ ಮುಂದೆ ಊರವರೆಲ್ಲ ಬಳಸಿದ ಒಂದು ಬಾಚಣಿಗೆ, ಪೌಡರ್ ಡಬ್ಬಿ. ಸ್ಟುಡಿಯೋದವರು ಎರಡು ಬೆರಳಿನಿಂದ ಗದ್ದ ಹಿಡಿದು, ತೂಕದ ಬಟ್ಟು ಸರಿಪಡಿಸುವ ಹಾಗೆ ಮುಖವನ್ನು ಚೂರು ಎಡಕ್ಕೆ ತಿರುಗಿಸಿ, "ಅಲ್ಲಾಡ್ಬೇಡಿ" ಅನ್ನುತ್ತಿದ್ದರು. ನಗು ಅಂತ ಯಾರೂ ಹೇಳುತ್ತಿರಲಿಲ್ಲ. ನಮ್ಮಜ್ಜಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿ, ಮೂರು ಜನ ನಿಂತರಂತೂ ನಡುವಿನವರ ಗತಿ ಮುಗೀತು ಅನ್ನುತ್ತಿದ್ದಳು.

ಮದುವೆಮನೆಯಲ್ಲಿ ಆಯಸ್ಸಿನ ಲೆಕ್ಕ ಬೇರೆ ಥರ. ಮಾಂಗಲ್ಯಧಾರಣೆಯ ಹೊತ್ತಿಗೆ ಅಕ್ಷತೆ ಹಿಡಿದು ಎದ್ದು ನಿಂತರೆ ನಮಗೆ ಕಾಣುವುದು ಕ್ಯಾಮೆರಾದವರ ನಾಲ್ಕು ಬೆನ್ನು. ಇಷ್ಟು ವರ್ಷ ನಾನು ಎಸೆದ ಅಕ್ಷತೆಯಲ್ಲಿ ಮುಕ್ಕಾಲು ಪಾಲು ಅವರ ತಲೆಯ ಮೇಲೇ ಬಿದ್ದಿದೆ. ನೂರು ವರ್ಷ ಸುಖವಾಗಿ ಬಾಳುವವರು ಅವರೇ.

ಪ್ಯಾರಿಸ್ಸಿನ ಒಂದು ಫೋಟೋ ಇದೆ, 1838ರಲ್ಲಿ ಡಗೇರ್ ಅನ್ನುವವರು ತೆಗೆದದ್ದು. ಆಗಿನ ಕ್ಯಾಮೆರಾಕ್ಕೆ ಚಿತ್ರ ಮೂಡಲು ಎಷ್ಟೋ ನಿಮಿಷ ಬೇಕಿತ್ತು. ಅಷ್ಟು ದೊಡ್ಡ ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾವುದೂ ಬೀಳಲಿಲ್ಲ. ಮೂಲೆಯಲ್ಲಿ ಒಬ್ಬ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಅಲ್ಲಾಡದೆ ನಿಂತಿದ್ದ, ಅವನು ಬಿದ್ದ. ಮನುಷ್ಯನ ಆಕಾರ ಇರುವ ಮೊದಲ ಫೋಟೋ ಅದೇ ಅನ್ನುತ್ತಾರೆ. ಸುಮ್ನೆ ನಿಂತವನು ಆಗ ಫೋಟೋದೊಳಗೆ ಸಿಕ್ಕಿಬಿದ್ದ. ಈಗ ಸುಮ್ನೆ ನಿಂತರೆ ಕೈಗೆ ಫೋನು ಕೊಡುತ್ತಾರೆ.

"ಸಾರ್, ಸುಮ್ನೆ ನಿಂತಿದೀರಲ್ಲ, ಒಂದು ಫೋಟೋ ತೆಗೀತೀರಾ?"

ಜೋಗದಲ್ಲಿ ಆದದ್ದು ಇದೇ. ಫೋಟೋ ತೆಗೆಯದವನಿಗೆ ಎಲ್ಲಿ ಹೋದರೂ ಇದೇ ಉದ್ಯೋಗ. ಹಂಪಿಯ ಕಲ್ಲಿನ ರಥದ ಮುಂದೆ ನಾನು ತೆಗೆದುಕೊಟ್ಟ ಫೋಟೋಗಳು ಎಷ್ಟು ಊರುಗಳಲ್ಲಿ ಇವೆಯೋ. ಇಲ್ಲ ಅನ್ನುವುದು ಹೇಗೆ? ಗಂಡ, ಹೆಂಡತಿ, ರೇನ್‌ಕೋಟಿನಲ್ಲಿ ಇಬ್ಬರು ಮಕ್ಕಳು. ನಾನು ಜಲಪಾತ ಬಿಟ್ಟು ಅವರ ಫೋನಿನ ಪರದೆ ನೋಡತೊಡಗಿದೆ. ಅವರ ತಲೆಯ ಮೇಲೆ ರಾಣಿ ಬೆರಳುದ್ದ ಬಿಳಿ ದಾರದ ಹಾಗೆ ಕಾಣುತ್ತಿದ್ದಳು. ಚಿಕ್ಕವನು ಕಣ್ಣು ಮುಚ್ಚಿದ. ಅಮ್ಮ ಅವನ ಟೋಪಿ ಸರಿ ಮಾಡಿದರು. ನಾನು ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಮಂಜು ಮತ್ತೆ ಬಂದು ಎಲ್ಲವನ್ನೂ ಮುಚ್ಚಿತು.

"ಬಂತಾ ಸಾರ್?"

ಫೋನು ಕೊಟ್ಟೆ. ನಾಲ್ಕು ಜನ, ಹಿಂದೆ ಸುಣ್ಣ ಹೊಡೆದ ಗೋಡೆಯಂಥ ಬಿಳುಪು, ಬಲಗಡೆ ಮೂಲೆಯಲ್ಲಿ ನನ್ನ ಹೆಬ್ಬೆಟ್ಟು. ಅವರು ಎರಡು ಬೆರಳಲ್ಲಿ ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದರು.

"ಪರ್ವಾಗಿಲ್ಲ ಸಾರ್," ಅಂದರು ಖುಷಿಯಾಗಿ. "ನಾವಂತೂ ಚೆನ್ನಾಗಿ ಬಂದಿದೀವಿ."