ಅಸೊ ಎಲ್ಲಿ ಹೋದಳು? ಎಶು ಯಾಕೆ ಸೈತಾನನಾದ?

ಆಫ್ರಿಕಾದ ಜನಪದ ಕಥೆಗಳ ಬಗ್ಗೆ ಏನೇ ಓದಲು ಕೂತರೂ ಮೊದಲ ಪುಟದಲ್ಲೇ 'ಟ್ರಿಕ್‌ಸ್ಟರ್ ಆರ್ಕಿಟೈಪ್', ಅಂದರೆ ಎಲ್ಲ ಕಡೆಯ ಕಥೆಗಳಲ್ಲೂ ಮರುಕಳಿಸುವ ಚಾಲಾಕಿ ಮೋಸಗಾರನ ಮಾದರಿ, ಎಂಬ ಮಾತು ಎದುರಾಗುತ್ತದೆ. ಘಾನಾದ ಅನಾನ್ಸಿ ಜೇಡ ಟ್ರಿಕ್‌ಸ್ಟರ್, ನೈಜೀರಿಯಾದ ಯೊರೂಬಾ ಜನರ ದೇವರು ಎಶು ಟ್ರಿಕ್‌ಸ್ಟರ್, ಅವರ ಕಥೆಗಳ ಆಮೆಯೂ ಟ್ರಿಕ್‌ಸ್ಟರ್. ನಾನೂ ಬಹಳ ವರ್ಷ ಹೀಗೇ ಓದಿದೆ. ಹೆಸರು ಹಚ್ಚಿದ ಕೂಡಲೇ ಕಥೆ ಅರ್ಥವಾಯಿತು ಅನ್ನಿಸಿಬಿಡುತ್ತಿತ್ತು.

ಆ ಭ್ರಮೆ ಬಿಟ್ಟದ್ದು ಮಗನಿಗೆ ಅನಾನ್ಸಿಯ ಕಥೆ ಹೇಳುವಾಗ. ಲೋಕದ ಕಥೆಗಳೆಲ್ಲ ಆಕಾಶದೇವ ನ್ಯಾಮೆಯ ಹತ್ತಿರ ಇದ್ದವು. ಅನಾನ್ಸಿ ಕೊಳ್ಳಲು ಹೋದ. ದೊಡ್ಡ ದೊಡ್ಡ ಊರುಗಳೇ ಬಂದು ಬರಿಗೈಲಿ ಹೋಗಿವೆ, ನಿನ್ನಂಥವನಿಂದ ಏನಾದೀತು ಎಂದ ನ್ಯಾಮೆ. ಬೆಲೆ ಇಷ್ಟು: ಒನಿನಿ ಎಂಬ ಹೆಬ್ಬಾವು, ಎಂಬೊರೊ ಕಣಜಗಳು, ಒಸೆಬೊ ಎಂಬ ಚಿರತೆ, ಕಾಡಿನ ಮಾಯಾಜೀವಿ ಎಂಮೊಆಟಿಯಾ. ಇವೆಲ್ಲವೂ ಜೀವಂತ ಸಿಗಬೇಕು. ಅನಾನ್ಸಿ ಒಪ್ಪಿದ, ಮೇಲೆ ತನ್ನ ಮುದಿ ತಾಯಿಯನ್ನೂ ಸೇರಿಸಿ ಕೊಡುತ್ತೇನೆ ಎಂದ!

ಮನೆಗೆ ಬಂದು ಹೆಂಡತಿ ಅಸೊಳನ್ನು ಕೇಳಿದ, ಹೆಬ್ಬಾವು ಹಿಡಿಯೋದು ಹೇಗೆ? ಈಚಲಿನಂಥ ಮರದ ಕೊಂಬೆ ಕಡಿ, ಬಳ್ಳಿಯನ್ನೂ ತಗೋ ಎಂದಳು. ಕೊಂಬೆ ಉದ್ದವೋ ಹಾವು ಉದ್ದವೋ ಎಂದು ಹಾವಿಗೆ ಕೇಳಿಸುವ ಹಾಗೆ ಜಗಳ ನಡೆಯಿತು. ಅಳೆದು ನೋಡಿ ಅಂತ ಹಾವೇ ಕೊಂಬೆಯ ಪಕ್ಕ ಮೈಚಾಚಿತು, ಕಟ್ಟಿಸಿಕೊಂಡಿತು. ಕಣಜಕ್ಕೆ ಏನು ಮಾಡಲಿ? ಸೋರೆಬುರುಡೆ ಹುಡುಕಿ ನೀರು ತುಂಬಿಕೊಂಡು ಹೋಗು ಎಂದಳು ಅಸೊ. ಚಿರತೆಗೆ? ಗುಂಡಿ ತೋಡು ಎಂದಳು, ಸಾಕು ತಿಳೀತು ಎಂದು ಅನಾನ್ಸಿ ಹೊರಟ.

ಮೂರನೇ ಸಲ 'ಹೆಂಡತೀನ ಕೇಳಿದ' ಎಂದು ನನ್ನ ಬಾಯಿಂದಲೇ ಬಂದಾಗ ತಡೆದು ನಿಂತೆ. ಇಷ್ಟು ವರ್ಷ ಅನಾನ್ಸಿಯ ಜಾಣತನ, ಒಂಟಿ ಜೀವಿಯ ಚಾಲಾಕಿ ಅಂತೆಲ್ಲ ಓದಿದ್ದೆನಲ್ಲ, ಅಸೊ ಎಲ್ಲಿ ಹೋಗಿದ್ದಳು? 1930ರಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞ ಆರ್.ಎಸ್. ರಾಟ್ರೆ ಪ್ರಕಟಿಸಿದ, ಘಾನಾದ ಅಸಾಂಟೆ ಜನರ ಪಾಠದಲ್ಲಿ ಅವಳು ಸ್ಪಷ್ಟವಾಗಿ ಇದ್ದಾಳೆ. ಮಕ್ಕಳಿಗೆ ಅಂತ ಸಂಕ್ಷೇಪಿಸಿದ ಎಷ್ಟೋ ಆವೃತ್ತಿಗಳಲ್ಲಿ ಇಲ್ಲ. ಅಂಗಳದಲ್ಲಿ ಕೂತು ಗಂಡ ಹೆಂಡತಿ ಕೂಡಿ ಮಾಡಿದ ಉಪಾಯ ಒಬ್ಬನೇ ಚತುರನ ಕಥೆಯಾಗಿಬಿಡುತ್ತದೆ. ಆರ್ಕಿಟೈಪ್‌ಗೆ ಒಬ್ಬನೇ ಸಾಕು, ಇಬ್ಬರು ಬೇಡ.

ಆರ್ಕಿಟೈಪ್ ಎಂಬ ಮಾತನ್ನು ಪ್ರಸಿದ್ಧಗೊಳಿಸಿದ ಮನಶ್ಶಾಸ್ತ್ರಜ್ಞ ಯುಂಗ್ ಟ್ರಿಕ್‌ಸ್ಟರ್ ಬಗ್ಗೆ 1950ರ ದಶಕದಲ್ಲಿ ಬರೆದ ಪ್ರಸಿದ್ಧ ಲೇಖನ ಉತ್ತರ ಅಮೆರಿಕದ ವಿನ್ನೆಬಾಗೊ ಜನರ ಕಥೆಗಳ ಜೊತೆ ಅಚ್ಚಾದದ್ದು. ಅದರಿಂದ ನಾನು ಕಲಿತದ್ದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಹೊಲಿದ ಅಂಗಿಯನ್ನು ಎಶುವಿಗೆ ತೊಡಿಸಿದಾಗ ನಿಜವಾದ ಪೆಟ್ಟು ಬೀಳುತ್ತದೆ.

ಎಶುವಿನ ಟೋಪಿಯ ಕಥೆ ಕೆಲವರಿಗೆ ಗೊತ್ತಿರಬಹುದು. ಇಬ್ಬರು ಜೀವದ ಗೆಳೆಯರು, ಅಕ್ಕಪಕ್ಕದ ಹೊಲ, ನಡುವೆ ದಾರಿ. ಒಂದು ಬದಿ ಬಿಳಿ, ಇನ್ನೊಂದು ಬದಿ ಬೇರೆ ಬಣ್ಣದ ಟೋಪಿ ಹಾಕಿಕೊಂಡು ಎಶು ಆ ದಾರಿಯಲ್ಲಿ ನಡೆದುಹೋದ. ಬಿಳಿ ಟೋಪಿ ಎಂದ ಒಬ್ಬ, ಅಲ್ಲ ಎಂದ ಇನ್ನೊಬ್ಬ. ಜಗಳ ಕೈಗೆ ಹತ್ತಿತು. ನಾನು ಮೊದಲು ಓದಿದ ಪಾಠದಲ್ಲಿ, ಜಗಳ ಬಿತ್ತುವುದೇ ನನಗೆ ಖುಷಿ ಎಂದು ಎಶು ನಗುವಲ್ಲಿಗೆ ಕಥೆ ಮುಗಿದಿತ್ತು. ಆಮೇಲೆ ಸಿಕ್ಕ ಇನ್ನೊಂದು ಪಾಠದಲ್ಲಿ ಇದಕ್ಕೆ ಮೊದಲೇ ಒಂದು ಸಂಗತಿ ಇದೆ: ಆ ಗೆಳೆಯರು ಎಂದೂ ಅಗಲುವುದಿಲ್ಲ ಎಂದು ಆಣೆ ಮಾಡಿದ್ದರು, ಎಶುವನ್ನು ಮಾತ್ರ ನೆನೆದಿರಲಿಲ್ಲ. ಇಷ್ಟು ಸೇರಿದ್ದೇ ಕಥೆಯ ಅರ್ಥವೇ ತಿರುಗಿತು. ಕವಲುದಾರಿಯ ದೇವರನ್ನು ಮರೆತು ಮಾಡಿದ ಆಣೆ ಅದು. ತಾನು ನಿಂತ ಜಾಗದಿಂದ ಕಂಡದ್ದಷ್ಟೇ ಸತ್ಯ ಎಂದುಕೊಂಡ ಸ್ನೇಹ ಮುರಿಯಿತು.

ಯೊರೂಬಾ ನಂಬಿಕೆಯಲ್ಲಿ ಎಶು ಸಂದೇಶವಾಹಕ. ಕೊಟ್ಟ ಬಲಿ ಮೇಲಕ್ಕೆ ಮುಟ್ಟಬೇಕಾದರೆ ಅವನ ಪಾಲು ಅವನಿಗೆ ಸಲ್ಲಬೇಕು. ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ತಾಳೆಎಣ್ಣೆ ಸುರಿದು ಅವನನ್ನು ಪೂಜಿಸುತ್ತಾರೆ. 'ಇವತ್ತು ಎಸೆದ ಕಲ್ಲಿನಿಂದ ನಿನ್ನೆಯ ಹಕ್ಕಿಯನ್ನು ಕೊಂದವನು' ಎಂದು ಹೊಗಳುತ್ತಾರೆ. ಇಂಥವನ ಹೆಸರನ್ನು ಯೊರೂಬಾ ಬೈಬಲ್ಲಿನಲ್ಲಿ ಸೈತಾನನಿಗೆ ಬಳಸಲಾಯಿತು. ಆ ಅನುವಾದದ ಹಿಂದಿನ ಮುಖ್ಯ ವ್ಯಕ್ತಿ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್, ಹುಡುಗನಾಗಿದ್ದಾಗ ಗುಲಾಮರ ಹಡಗಿಗೆ ಮಾರಾಟವಾಗಿ 1822ರಲ್ಲಿ ಬಿಡುಗಡೆಯಾದವರು, 1864ರಲ್ಲಿ ಬಿಷಪ್ ಆದವರು, ಯೊರೂಬಾ ಭಾಷೆಗೆ ನಿಘಂಟು, ವ್ಯಾಕರಣ ಕೊಟ್ಟವರು. ಅವರನ್ನು ಖಳನಾಗಿಸಲು ನನಗೆ ಮನಸ್ಸಿಲ್ಲ. ಆದರೆ ಆ ಒಂದು ಪದದ ಆಯ್ಕೆಯಿಂದ, ತಲೆಮಾರುಗಳ ಮಕ್ಕಳು ಅಜ್ಜ ಅಜ್ಜಿ ಕೈಮುಗಿದ ದೇವರ ಹೆಸರನ್ನು ಬೈಗುಳವಾಗಿ ಕೇಳುತ್ತಾ ಬೆಳೆದರು. 'ಎಶು ಸೈತಾನನಲ್ಲ' ಎಂದು ಇವತ್ತಿಗೂ ನೈಜೀರಿಯಾದಲ್ಲಿ ಜನ ಹೇಳಬೇಕಾಗಿ ಬಂದಿದೆ. ಕನ್ನಡದ ಬೈಬಲ್ಲಿನಲ್ಲಿ ಸೈತಾನ ಸೈತಾನನಾಗಿಯೇ ಬಂದ, ನಮ್ಮ ಯಾವ ದೇವರ ಹೆಸರೂ ಅವನಿಗೆ ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂದು ಒಂದು ಕ್ಷಣ ಯೋಚಿಸಿ.

ಟ್ರಿಕ್‌ಸ್ಟರ್ ಎನ್ನುವುದು ಸೈತಾನ ಎಂದಷ್ಟು ಕ್ರೂರವಲ್ಲ, ನಿಜ. ಆದರೂ ಅದು ಸಾಗುವುದು ಅದೇ ದಾರಿಯಲ್ಲಿ: ಎಶುವನ್ನು ಅವನ ಮನೆಬಾಗಿಲಿನಿಂದ ಎತ್ತಿ, ನಮಗೆ ಮೊದಲೇ ಗೊತ್ತಿರುವ ಡಬ್ಬಿಗೆ ಹಾಕುವುದು.

ಈ ಕಥೆಗಳನ್ನು ಕನ್ನಡಕ್ಕೆ ತರುತ್ತಿರುವ ಗೆಳೆಯರಲ್ಲಿ ಒಂದು ಕೋರಿಕೆ. ಅಸೊಳನ್ನು ಬಿಡಬೇಡಿ. ಎಶುವನ್ನು 'ತುಂಟ ದೇವರು' ಎಂದು ಬರೆಯಬೇಡಿ, ಎಶು ಎಂದೇ ಇರಲಿ. ಯೊರೂಬಾ ಜನರ ಇಫಾ ಎಂಬ ಕಣಿ ನೋಡುವ ಪೂಜಾರಿ ಬಬಲಾವೊ ಬಳಸುವ ಮರದ ಹಲಗೆಯ ಅಂಚಿನಲ್ಲಿ ಒಂದು ಮುಖ ಕೆತ್ತಿರುತ್ತಾರೆ, ಅಗಲ ಕಣ್ಣಿನದು. ಕಣಿ ಶುರುವಾಗುವಾಗ ಬಬಲಾವೊನನ್ನೇ ನೋಡುತ್ತಿರುವ ಆ ಮುಖ ಎಶುವಿನದು.