ನಿವೃತ್ತರ ಸಂತೋಷ ಕುರಿತ ಸಂದೇಶ: ಒಂದು ಸ್ಪಷ್ಟನೆ

ಬಾಗಲಕೋಟೆಯ ನಿವೃತ್ತ ನೌಕರರ ವಾಟ್ಸಾಪ್ ಗುಂಪುಗಳಲ್ಲಿ, "ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರುವ ನಿವೃತ್ತರು ಮಾತ್ರ ಸುಖಿಗಳು, ಹೊರಗಿನವರ ಒಡನಾಟದಿಂದ ಪ್ರಯೋಜನವಿಲ್ಲ ಎಂದು ಹಾರ್ವರ್ಡ್ ಅಧ್ಯಯನ ಸಾಬೀತುಪಡಿಸಿದೆ" ಎಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಪರಿಶೀಲಿಸದೆ ಕಳುಹಿಸಿದ್ದೆ. ಅದು ತಪ್ಪು.

1938ರಲ್ಲಿ ಆರಂಭವಾದ ಆ ಅಧ್ಯಯನವು 724 ಪುರುಷರ ಬದುಕನ್ನು ದಶಕಗಳ ಕಾಲ ಗಮನಿಸಿ, ಆತ್ಮೀಯ ಸಂಬಂಧಗಳಿದ್ದವರು ಇಳಿವಯಸ್ಸಿನಲ್ಲಿ ಹೆಚ್ಚು ಆರೋಗ್ಯವಾಗಿ, ನೆಮ್ಮದಿಯಿಂದ ಇದ್ದರೆಂದು ಕಂಡುಕೊಂಡಿತು. ಆ ಸಂಬಂಧ ಮಕ್ಕಳೊಂದಿಗೇ ಇರಬೇಕೆಂದು ಅದು ಹೇಳಿಲ್ಲ. ಬದಲಾಗಿ, ಸಹೋದ್ಯೋಗಿಗಳ ಸ್ಥಾನದಲ್ಲಿ ಹೊಸ ಒಡನಾಡಿಗಳನ್ನು ಪ್ರಯತ್ನಪಟ್ಟು ಗಳಿಸಿಕೊಂಡವರೇ ನಿವೃತ್ತಿಯಲ್ಲಿ ಹೆಚ್ಚು ಸಂತೋಷವಾಗಿದ್ದರು ಎಂದು ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಸಾರ್ವಜನಿಕವಾಗಿ ವಿವರಿಸಿದ್ದಾರೆ.

ಪರಿಚಯ ಮಾತ್ರವಿರುವವರೊಂದಿಗಿನ ಮಾತೂ ವ್ಯರ್ಥವಲ್ಲ. ಮನೋವಿಜ್ಞಾನಿಗಳಾದ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಂಥವರೊಡನೆ ಹೆಚ್ಚು ಮಾತಾಡಿದ ದಿನಗಳಲ್ಲಿ ಜನರು ಹೆಚ್ಚು ಸಂತೋಷದಿಂದಿದ್ದರು. ಅದರಲ್ಲಿ ವಿದ್ಯಾರ್ಥಿಗಳೂ ಇದ್ದುದರಿಂದ ಅದನ್ನು ನಿವೃತ್ತರ ಬಗೆಗಿನ ಅಂತಿಮ ತೀರ್ಪೆಂದು ಹಂಚುವುದೂ ಬೇಡ.

ಆಲಮಟ್ಟಿ ಹಿನ್ನೀರಿನಿಂದ ಹಳೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದ ನಮ್ಮವರಿಗೆ ನೆರೆಹೊರೆಯ ಬೆಲೆ ಚೆನ್ನಾಗಿ ಗೊತ್ತಿದೆ. ಮಕ್ಕಳು ಪುಣೆ, ಬೆಂಗಳೂರಿನಲ್ಲಿರುವ ಹಿರಿಯರು ಆ ತಪ್ಪು ಸಂದೇಶ ಓದಿ, ಬೆಳಗಿನ ವಾಯುವಿಹಾರದ ಗೆಳೆಯರನ್ನೂ ಕಾಯಿಪಲ್ಲೆ ಮಾರುವ ಅಕ್ಕನೊಂದಿಗಿನ ಎರಡು ಮಾತನ್ನೂ ಹಗುರವಾಗಿ ಕಾಣಬಾರದೆಂಬುದೇ ನನ್ನ ಕಳವಳ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿರಿ.