ಗಾಳಕ್ಕೊಂದು ಮುಹೂರ್ತ

ಮೀನು ಹಿಡಿಯಲು ಹೋಗಿ ನಾನು ಈವರೆಗೆ ಮನೆಗೆ ತಂದ ಸಾಮಾನು ಇಷ್ಟು: ಕೊಲ್ಹಾರದ ಮೊಸರು ಆರು ಗಡಿಗೆ, ಅಮೀನಗಡದ ಕರದಂಟು ಎರಡು ಕಿಲೋ, ಸೌತೆಕಾಯಿ ಒಂದು ಚೀಲ, ನೆಗಡಿ ಮೂರು ಸಲ. ಮೀನಿನ ಲೆಕ್ಕ ಕೊನೆಗೆ ಹೇಳುತ್ತೇನೆ. ಅದಕ್ಕೆ ಜಾಸ್ತಿ ಹೊತ್ತು ಬೇಡ.

ನಮ್ಮದು ಬಾಗಲಕೋಟೆ. ಈಗ ಇರುವುದು ನವನಗರದಲ್ಲಿ. ಮೊದಲಿದ್ದ ಮನೆ ಹಳೇ ಊರಲ್ಲಿ, ಘಟಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟು ಎದ್ದು ನಿಲ್ಲುವಷ್ಟರಲ್ಲಿ ನಮ್ಮವ್ವ ಮದುವೆಯಾಗಿ ಆ ಓಣಿಗೆ ಬಂದು, ಮಕ್ಕಳನ್ನು ಹೆತ್ತು, ಅವರನ್ನು ಶಾಲೆಗೂ ಕಳಿಸಿಯಾಗಿತ್ತು. ಈಗ ಜಲಾಶಯ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರಕ್ಕೆ, ಅಂದರೆ ಪೂರ್ತಿ ತುಂಬಿತೆಂದರೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದೆ ಹಿಂದೆ ಸರಿದು ಬಂದು ನಮ್ಮ ಓಣಿಯ ಮೇಲೆ ನಿಲ್ಲುತ್ತದೆ. ಪರಿಹಾರ ಸಿಕ್ಕಿದ್ದು ನಮಗೆ, ಮನೆ ಸಿಕ್ಕಿದ್ದು ಮೀನಿಗೆ.

ಆದ್ದರಿಂದ ಆ ನೀರಿನ ಮೀನಿನ ಮೇಲೆ ನನಗೊಂದು ಹಕ್ಕಿದೆ ಎಂದು ನಾನು ನಂಬಿಕೊಂಡಿದ್ದೆ. ಮೀನುಗಳಿಗೆ ಅದು ಗೊತ್ತಿರಲಿಲ್ಲ ಅಷ್ಟೇ.

ಗಾಳ ಹಾಕುವ ಹುಚ್ಚು ಹತ್ತಿಸಿದವನು ನನ್ನ ದೋಸ್ತ. ಅವನಿಗೆ ಯಾವ ಕೆಲಸವನ್ನೂ ಸುಮ್ನೆ ಮಾಡಿ ಗೊತ್ತಿಲ್ಲ. ಚಹಾ ಕುಡಿಯಲು ಹೋಗುವ ಮುಂಚೆಯೂ ಅದರ ಸಿದ್ಧಾಂತ ಹೇಳುತ್ತಾನೆ. "ಗಾಳಿ ಒತ್ತಡ ಇಳಿಯೂ ಮುಂದ ಮೀನ ಹಸದು ಕಚ್ಚತಾವು. ಮಳಿ ಬರೂಕಿಂತ ಮೊದಲ ನಾವು ಅಲ್ಲಿರಬೇಕು" ಎಂದ. ಫೋನಿನಲ್ಲಿ ಒತ್ತಡ ತೋರಿಸುವ ಆ್ಯಪ್ ಹಾಕಿಕೊಂಡಿದ್ದ. ಮೊದಲ ದಿನ ಹನ್ನೊಂದು ಗಂಟೆಗೆ ಫೋನು ಬಂತು. "ಇಳ್ಯಾಕತ್ತೈತಿ!" ಅರ್ಧ ದಿನ ರಜೆ ಹಾಕಿ ಓಡಿದೆವು. ಆಕಾಶ ತೊಳೆದಿಟ್ಟ ತಾಟಿನ ಹಾಗೆ ಇತ್ತು. ಮರುದಿನವೂ ಹನ್ನೊಂದಕ್ಕೆ "ಇಳ್ಯಾಕತ್ತೈತಿ!" ಮೂರನೇ ದಿನವೂ ಅದೇ.

ಆಮೇಲೆ ಓದಿದಾಗ ತಿಳಿಯಿತು. ನಮ್ಮಂಥ ಬಿಸಿಲು ಸೀಮೆಯಲ್ಲಿ ಗಾಳಿಯ ಒತ್ತಡ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಮಳೆ ಬರಲಿ, ಬಿಡಲಿ. ಅಂದರೆ ನಾವು ರಜೆ ಹಾಕಿದ್ದು ಮಧ್ಯಾಹ್ನ ಆಗುತ್ತದೆ ಎಂಬ ಕಾರಣಕ್ಕೆ. ಇನ್ನೊಂದು ವಿಷಯ ಕೇಳಿ. ಒಂದು ಸೆಂಟಿಮೀಟರ್ ಆಳದ ನೀರಿನ ಒತ್ತಡ ಸುಮಾರು ಒಂದು ಮಿಲಿಬಾರ್. ದಿನದ ಏರಿಳಿತ ನಾಲ್ಕೈದು ಮಿಲಿಬಾರ್ ದಾಟುವುದು ಕಡಿಮೆ. ಮೀನು ಒಂದು ಗೇಣು ಕೆಳಗೆ ಇಳಿದರೆ ಸಾಕು, ಅದರ ನಾಲ್ಕು ಪಟ್ಟು ಒತ್ತಡ ಅನುಭವಿಸಿ ಬರುತ್ತದೆ. ಇದನ್ನು ದೋಸ್ತನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀನಕ್ಕ ಇಷ್ಟೆಲ್ಲ ಓದಾಕ ಬರಂಗಿಲ್ಲಲ್ಲೋ" ಅಂದ.

ಮಳೆ ಬಂದೇ ಬಂತು, ಮಿರಗ ಅಂದರೆ ಮೃಗಶಿರಾ ಮಳೆ ಕೂಡಿದ ದಿನ. ಜೂನ್ ಎಂಟು. ಅವತ್ತು ಮಾತ್ರ ಆ್ಯಪ್ ಸುಮ್ಮನಿತ್ತು. ನಾವು ಹೊಲದ ದಾರಿ ಹಿಡಿದು ನೀರಿನ ಹತ್ತಿರ ಹೋಗಿ ಕೂತಿದ್ದೆವು. ಗಾಳಕ್ಕೂ ಗಾಳಿಗೂ ಇರುವುದು ಒಂದು ಗುಡಿಸಿನ ವ್ಯತ್ಯಾಸ. ಅದನ್ನು ಕನ್ನಡ ಮಾಸ್ತರರು ಹೇಳಿಕೊಟ್ಟಿದ್ದರು, ಆದರೆ ಅರ್ಥವಾಗಿದ್ದು ಅವತ್ತು. ಬೆಂಡು ನೀರಿನಲ್ಲಿ ಇರಲಿಲ್ಲ, ನನ್ನ ಕಿವಿಯ ಹತ್ತಿರ ಹಾರಾಡುತ್ತಿತ್ತು. ಹತ್ತು ನಿಮಿಷ ಮಳೆ ಹೊಯ್ದಿತು. ಹತ್ತೇ ನಿಮಿಷ. ಆದರೆ ಎರೆ ಭೂಮಿಗೆ ಅಷ್ಟು ಸಾಕು.

ಎರೆ ಮಣ್ಣಿನಲ್ಲಿ ಗಾಡಿ ಹೊಡೆದವರಿಗೆ ನಾನು ವಿವರಿಸಬೇಕಿಲ್ಲ. ಮಣ್ಣು ಮೊದಲು ಗಾಲಿಗೆ ಮೆತ್ತುತ್ತದೆ. ಆಮೇಲೆ ಮಡ್‌ಗಾರ್ಡಿನ ಒಳಗೆ ಸೇರಿ ಬಿರಡೆ ಹಾಕಿದ ಹಾಗೆ ಬಿಗಿಯುತ್ತದೆ. ಆಮೇಲೆ ಗಾಲಿ ತಿರುಗುವುದಿಲ್ಲ. ಬೈಕು ಎಮ್ಮೆಯ ಹಾಗೆ ನಿಂತುಬಿಡುತ್ತದೆ, ಎಳೆದರೂ ಬರುವುದಿಲ್ಲ, ಬೈದರೂ ಬರುವುದಿಲ್ಲ. ನನ್ನ ಒಂದು ಚಪ್ಪಲಿ ಆ ಹೊಲದಲ್ಲೇ ಉಳಿಯಿತು. ಹೊಲದವರು ಬಿತ್ತುವಾಗ ಅದು ಸಿಕ್ಕಿರಬೇಕು. ಮೀನಿಗೆ ಹಾಕುವುದಕ್ಕೂ ಎರೆ, ಮೈಗೆ ಹತ್ತುವುದಕ್ಕೂ ಎರೆ. ಅವತ್ತು ಕಚ್ಚಿಕೊಂಡಿದ್ದು ಎರಡನೆಯದು ಮಾತ್ರ.

ಹವಾಮಾನದ ಸಿದ್ಧಾಂತ ಅಲ್ಲಿಗೆ ಮುಗಿಯಿತು. ದೋಸ್ತ ಚಂದ್ರನಿಗೆ ಕೈ ಹಾಕಿದ.

ಜಾನ್ ಆಲ್ಡೆನ್ ನೈಟ್ ಎಂಬ ಅಮೆರಿಕದವರು 1926ರಲ್ಲಿ ಒಂದು ಲೆಕ್ಕ ಹಾಕಲು ಶುರು ಮಾಡಿದರಂತೆ. ಚಂದ್ರ ನೆತ್ತಿಯ ಮೇಲೆ ಇರುವಾಗ ಮತ್ತು ಭೂಮಿಯ ಆಚೆ ನೇರ ಕಾಲ ಕೆಳಗೆ ಇರುವಾಗ ಮೀನಿಗೆ ಜೋರು ಹಸಿವು. ಚಂದ್ರ ಹುಟ್ಟುವಾಗ, ಮುಳುಗುವಾಗ ಸಣ್ಣ ಹಸಿವು. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುವುದರಿಂದ ಮೀನಿನ ಊಟದ ಹೊತ್ತೂ ದಿನಾ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಈಗ ಇದಕ್ಕೂ ಆ್ಯಪ್ ಬಂದಿದೆ. ಪ್ರತಿ ದಿನಕ್ಕೆ ನಕ್ಷತ್ರ ಕೊಡುತ್ತದೆ, ಹೋಟೆಲಿಗೆ ಕೊಟ್ಟ ಹಾಗೆ. ಎಲ್ಲಕ್ಕಿಂತ ಜಾಸ್ತಿ ನಕ್ಷತ್ರ ಯಾವ ದಿನಕ್ಕೆ ಗೊತ್ತೇ? ಅಮಾವಾಸ್ಯೆಗೆ ಮತ್ತು ಹುಣ್ಣಿಮೆಗೆ.

ಇಲ್ಲಿ ನಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ನಡುವೆ ಬಂತು.

"ಅಮಾಸಿ ದಿನ ಮೀನ? ಮನ್ಯಾಗ?" ಎಂದಳು ಅವ್ವ. ಅವಳು ಬೈಯಲಿಲ್ಲ. ಮಗನಿಗೆ ಜ್ವರ ಬಂದಿದೆಯೇ ಎಂದು ನೋಡಿದಳು. ಅಮೆರಿಕದವರಿಗೆ ಅಮಾವಾಸ್ಯೆ ಅಂದರೆ ಬರೀ ಕತ್ತಲೆ. ನಮಗೆ ಹಾಗಲ್ಲ. ಕಾರ ಹುಣ್ಣಿಮೆಗೆ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಮತ್ತೆ ಎತ್ತು, ಸೀಗಿ ಹುಣ್ಣಿಮೆಗೆ ಹೊಲ, ಎಳ್ಳ ಅಮಾವಾಸ್ಯೆಗೆ ಮತ್ತೆ ಹೊಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ. ಎಳ್ಳ ಅಮಾವಾಸ್ಯೆಗೆ ಆ್ಯಪ್ ಐದಕ್ಕೆ ಐದು ನಕ್ಷತ್ರ ಕೊಟ್ಟಿತ್ತು. ನಾನು ಆ ಹೊತ್ತಿಗೆ ಬೀಗರ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಗಾಯಿ, ಶೇಂಗಾ ಹೋಳಿಗೆ ಹೊಡೆದು ಬನ್ನಿ ಗಿಡದ ಕೆಳಗೆ ಅಡ್ಡಾಗಿದ್ದೆ. ಜೋರು ಹಸಿವಿನ ಹೊತ್ತು ಮೀನಿಗೆ ಹೇಗಿತ್ತೋ ಗೊತ್ತಿಲ್ಲ. ನಾನು ಮಾತ್ರ ಪಾಲಿಸಿದ್ದೆ.

ಒಮ್ಮೆ ಹಟ ಮಾಡಿ ಹೋದೆವು. ಏಪ್ರಿಲ್ ತಿಂಗಳ ಅಮಾವಾಸ್ಯೆ. ಮೀನು ಸಿಕ್ಕರೆ ದೋಸ್ತನ ಮನೆಯಲ್ಲಿಡುವುದು, ಮರುದಿನ ಹಂಚಿಕೊಳ್ಳುವುದು ಎಂದು ಮಾತಾಗಿತ್ತು. ಅಮಾವಾಸ್ಯೆ ದಿನ ಚಂದ್ರ ಸೂರ್ಯನ ಜೊತೆಗೇ ಇರುತ್ತಾನೆ. ಆದ್ದರಿಂದ ಚಂದ್ರ ನೆತ್ತಿಗೆ ಬರುವುದು ಮಧ್ಯಾಹ್ನ ಹನ್ನೆರಡೂವರೆಗೆ. ಏಪ್ರಿಲ್ಲಿನಲ್ಲಿ, ಬಾಗಲಕೋಟೆಯಲ್ಲಿ, ಹನ್ನೆರಡೂವರೆಗೆ! ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತು. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೀನು ಆಳಕ್ಕೆ ಹೋಗಿ ತಣ್ಣಗೆ ಕೂತಿರುತ್ತದೆ. ಚಂದ್ರ ಕರೆದರೂ ಬರುವುದಿಲ್ಲ. ನಾವು ತಲೆಗೆ ಹಸಿ ಟವೆಲ್ ಕಟ್ಟಿಕೊಂಡು ದಂಡೆಯಲ್ಲಿ ಹುರಿದುಕೊಳ್ಳುತ್ತಿದ್ದೆವು. ಅವತ್ತು ಮೀನಿನ ಫ್ರೈ ಆಗಲಿಲ್ಲ, ಹಿಡಿಯಲು ಹೋದವರದ್ದು ಆಯಿತು.

ಅದೇ ದಿನ ತೆಪ್ಪದ ಕಾಕಾ ಒಬ್ಬರ ಪರಿಚಯವಾಯಿತು. ಅವರು ಬೆಳಿಗ್ಗೆಯೇ ಬಲೆ ಎತ್ತಿ, ಮೀನು ಮಾರಿ, ಊಟ ಮಾಡಿ, ಜಾಲಿ ಗಿಡದ ಕೆಳಗೆ ಮಲಗಿದ್ದರು. ನಮ್ಮನ್ನು ನೋಡಿ ಎದ್ದು ಕೂತರು. ದೋಸ್ತ ಅವರಿಗೆ ಆ್ಯಪ್ ತೋರಿಸಿದ. ಕಾಕಾ ಮರ್ಯಾದೆಯಿಂದ ನೋಡಿದರು. "ಚಂದ್ರ ಚೊಲೋನ ಅದಾನ ತಮ್ಮಾ. ಆದ್ರ ನೀವು ಹೊಸಾ ನೀರ ನೋಡ್ರಿ" ಅಂದರು.

ಹೊಸ ನೀರು ಅಂದರೆ ಮಳೆಗಾಲದಲ್ಲಿ ಬರುವ ಕೆಂಪು ನೀರು. ಇದರಲ್ಲೂ ಒಂದು ತಮಾಷೆ ಇದೆ. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಬರುತ್ತದೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಘಟಪ್ರಭೆಯದೂ ಪಶ್ಚಿಮ ಘಟ್ಟದ ನೀರು. ಅಲ್ಲಿ ಸುರಿದರೆ ಇಲ್ಲಿ ಬಿಸಿಲಲ್ಲಿ ಹಪ್ಪಳ ಒಣಗಿಸುತ್ತಾ ಪ್ರವಾಹ ನೋಡಬಹುದು. ಬಾಗಲಕೋಟೆಯ ಹವಾಮಾನ ನೋಡಿ ರಜೆ ಹಾಕಿದ ನಾವು ನೋಡಬೇಕಿದ್ದುದು ಘಟ್ಟದ ಹವಾಮಾನವನ್ನು. ಹಾಗೆಂದು ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಅಂದಾಗ ದಂಡೆಗೆ ಹೋಗಬೇಡಿ. 2019ರ ಆಗಸ್ಟಿನ ನೆರೆ ಕಂಡವನು ನಾನು, ಅದರಲ್ಲಿ ತಮಾಷೆ ಇಲ್ಲ.

ಸರಿ, ಹೊಸ ನೀರು ಬರುವುದು ಜುಲೈ, ಆಗಸ್ಟ್. ಆದರೆ ಕಟ್ಲಾ, ರೋಹು, ಮೃಗಾಲ್ ಮೀನುಗಳು ಮೊಟ್ಟೆ ಇಡುವುದೂ ಆಗಲೇ. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಏರಿ ಹರಿಯುವ ನೀರೇ ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಚುಚ್ಚುಮದ್ದು ಕೊಟ್ಟು ಇಂಥ ಮೀನಿನಿಂದ ಮೊಟ್ಟೆ ಇಡಿಸಿದ್ದು ದೊಡ್ಡ ಸುದ್ದಿಯಾಯಿತು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. "ಬಸಿರ ಮೀನ ಹಿಡೀಬಾರದು ತಮ್ಮಾ" ಎಂದರು ಕಾಕಾ. ಆಯಿತು, ಅಷ್ಟು ದಿನ ಬಿಟ್ಟೆವು. ಮುಗಿಯುವಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೀನಿನ ಚಿತ್ರವನ್ನೂ ನೋಡುವುದಿಲ್ಲ.

ಈ ನಡುವೆ ಒಂದು ಮಾತು. ಮೀನು ಸಿಗದ ದಿನ ಬರಿಗೈಯಲ್ಲಿ ಮನೆಗೆ ಹೋಗಲು ನಾಚಿಕೆ. ಕೃಷ್ಣಾ ಸೇತುವೆಯ ಕಡೆ ಹೋದಾಗ ಕೊಲ್ಹಾರದ ಮೊಸರು ತರುತ್ತಿದ್ದೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು, ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿ. ಕ್ರಮೇಣ ನಮ್ಮ ಓಣಿಯಲ್ಲಿ ನನ್ನ ಹವ್ಯಾಸಕ್ಕೆ ಬೆಂಬಲ ಹೆಚ್ಚಿತು. ಪಕ್ಕದ ಮನೆಯ ಅಕ್ಕಾವರು ಕಾಂಪೌಂಡಿನ ಮೇಲಿಂದ ನನ್ನ ಹೆಂಡತಿಯನ್ನು ಕೇಳುತ್ತಿದ್ದರು. "ನಿಮ್ಮ ಮನ್ಯಾವ್ರು ಮತ್ತ ಯಾವಾಗ ಮೀನ ಹಿಡ್ಯಾಕ ಹೊಂಟಾರ? ಹಬ್ಬಕ್ಕ ಎರಡು ಗಡಿಗಿ ಮೊಸರ ಬೇಕಿತ್ತು." ಮೀನು ಸಿಗಬಹುದು ಎಂಬ ಅನುಮಾನ ಯಾರಿಗೂ ಇರಲಿಲ್ಲ.

ಸೌತೆಕಾಯಿಯ ಕಥೆ ಬೇರೆ. ಡಿಸೆಂಬರಿನಲ್ಲಿ ಒಂದು ಜಾಗ ನೋಡಿಟ್ಟಿದ್ದೆ. ಅರ್ಧ ಮುಳುಗಿದ ಜಾಲಿ ಗಿಡ, ಸುತ್ತ ನಿಂತ ನೀರು, ಮೀನು ಪಟ್ ಪಟ್ ಎಂದು ಹಾರುತ್ತಿದ್ದವು. ಫೋನಿನಲ್ಲಿ ಗುರುತು ಹಾಕಿಕೊಂಡೆ. ಮಾರ್ಚಿನಲ್ಲಿ, ತಿಥಿ ವಾರ ಎಲ್ಲ ನೋಡಿ, ನಸುಕಿನಲ್ಲಿ ಎದ್ದು ಹೋದೆವು. ಫೋನು ನಮ್ಮನ್ನು ಕರೆದುಕೊಂಡು ಹೋಗಿ ಒಂದು ಸೌತೆ ಬಳ್ಳಿಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಅಂದಿತು. ಅದೇ ಜಾಲಿ ಗಿಡ. ಅದಕ್ಕೆ ಒಂದು ಆಡು ಕಟ್ಟಿತ್ತು. ಬೇಸಿಗೆಗೆ ಹಿನ್ನೀರು ಸರಿಯುತ್ತದೆ, ಸರಿದ ಹಸಿ ನೆಲದಲ್ಲಿ ರೈತರು ಬೆಳೆ ತೆಗೆಯುತ್ತಾರೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಚಂದ್ರನ ಕಡೆ ನೋಡುತ್ತಿದ್ದವನು ನೀರಿನ ಕಡೆ ನೋಡುವುದನ್ನು ಮರೆತಿದ್ದೆ. ಕೈಯಲ್ಲಿ ಗಾಳದ ಕೋಲು ಹಿಡಿದು ಹೊಲದ ನಡುವೆ ನಿಂತ ನಮ್ಮನ್ನು ನೋಡಿ ಹೊಲದಾಕೆಗೆ ನಗು ತಡೆಯಲಾಗಲಿಲ್ಲ. "ನೀರ ಅಲ್ಲಿ ಕಾಣತೈತಲ್ರಿ, ಅಲ್ಲೀಮಟ ಹೋಗ್ಯಾವ್ರಿ ನಿಮ್ಮ ಮೀನ" ಎಂದು ಕೈ ಮಾಡಿ ತೋರಿಸಿದರು. ಒಂದು ಕಿಲೋಮೀಟರಿಗೆ ಕಡಿಮೆ ಇರಲಿಲ್ಲ. ಸೌತೆಕಾಯಿ ಚೆನ್ನಾಗಿದ್ದವು. ಒಂದು ಚೀಲ ತಂದೆ.

ಆಮೇಲೆ ಒಂದು ರಾತ್ರಿ ಕೂತು ಗಟ್ಟಿಯಾಗಿ ಲೆಕ್ಕ ಹಾಕಿದೆ. ವರ್ಷಕ್ಕೆ 365 ದಿನ. ಸೋಮವಾರ ಈಶ್ವರನ ವಾರ, ಶನಿವಾರ ಹನಮಪ್ಪನ ವಾರ, ಎರಡೂ ಸೇರಿ ನೂರಾ ನಾಲ್ಕು ಹೋದವು. ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿ, ಸಂಕಷ್ಟಿ ಹೊಡೆದೆ. ಶ್ರಾವಣ ಪೂರ್ತಿ ಹೋಯಿತು, ನವರಾತ್ರಿ ಹೋಯಿತು. ಮೀನಿನ ಬಾಣಂತನಕ್ಕೆ ಎರಡು ತಿಂಗಳು ಬಿಟ್ಟೆ. ನೀರು ದೂರ ಸರಿಯುವ ಬೇಸಿಗೆ ತೆಗೆದೆ. ಆಫೀಸು, ಮದುವೆ ಸೀಸನ್, ದೋಸ್ತನ ಸೊಂಟ ನೋವು ಎಲ್ಲ ಕಳೆದೆ. ಕಾರ್ತಿಕದ ಒಂದು ಬುಧವಾರ ಉಳಿಯಿತು. ಮರುದಿನ ನೋಡಿದರೆ ಅವತ್ತು ಬೀಗರ ಮನೆಯಲ್ಲಿ ಕೂಸಿಗೆ ಹೆಸರಿಡುವುದು. ಹೆಂಡತಿಯ ಕಾಲು ಹಿಡಿದು ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಒಪ್ಪಿಸಿದೆ.

ಬೆಳಿಗ್ಗೆ ಆರೂವರೆಗೆ ಹಳೇ ಊರಿನ ಕಡೆ ಹೋದೆ. ನೀರು ತುಂಬಿ ನಿಂತಿತ್ತು. ಎರೆಗೆ ಗೋಧಿ ಹಿಟ್ಟಿನ ಉಂಡೆ. ಅದೂ ಪಾಠ ಕಲಿತ ಮೇಲೆ. ಮೊದಲೆಲ್ಲ ಅಭಿಮಾನದಿಂದ ಜೋಳದ ಹಿಟ್ಟು ಒಯ್ಯುತ್ತಿದ್ದೆ. ಜೋಳದ ಹಿಟ್ಟಿಗೆ ಅಂಟಿಲ್ಲ, ನೀರಿಗೆ ಬಿದ್ದ ಕೂಡಲೇ ಗಾಳ ಬಿಟ್ಟು ಅಂಬಲಿಯಾಗುತ್ತದೆ. ಒಂದು ವರ್ಷ ನಾನು ಮೀನುಗಳಿಗೆ ಅಂಬಲಿ ಕುಡಿಸಿದೆ.

ಮೂರು ತಾಸಿಗೆ ಒಂದು ಮೀನು ಬಂತು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ನಾಲ್ಕು ಬೆರಳು ಅಗಲ. ಇದು ಆಫ್ರಿಕಾ ಮೂಲದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಇದಕ್ಕೆ ಹೊಸ ನೀರೂ ಬೇಡ, ಮಿರಗವೂ ಬೇಡ. ತಾಯಿ ಮೀನು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಏನೂ ತಿನ್ನುವುದಿಲ್ಲ. ನನ್ನ ಗಾಳದ ಸುತ್ತ ಇಷ್ಟು ವರ್ಷ ತಿರುಗಾಡಿದ್ದು ಬಹುಶಃ ಬಾಯಿ ತುಂಬಿದ ತಾಯಂದಿರೇ ಇರಬೇಕು.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಚೀಲ ಬಿಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಎಲ್ಲಿ ಸಿಕ್ತು?"

"ನಮ್ಮ ಓಣಿ ಮ್ಯಾಲನ ಅವ್ವಾ. ಹನಮಪ್ಪನ ಗುಡಿ ಇತ್ತಲ್ಲ, ಅದರ ಈಚಿ ಕಡೆ."

"ಅಂದ್ರ ನಮ್ಮ ಅಡಿಗಿ ಮನ್ಯಾಗ."

"ಅಲ್ಲೇ ಅನ್ನು."

ಅವ್ವ ಮೀನನ್ನು ಬಾಲ ಹಿಡಿದು ಎತ್ತಿ, ತೂಕ ನೋಡಿ, ಮತ್ತೆ ಚೀಲಕ್ಕೆ ಹಾಕಿದಳು.

"ಇಷ್ಟು ವರ್ಷಾ ನಮ್ಮ ಮನ್ಯಾಗ ಕುಂತು, ಬಾಡಿಗಿ ಇಷ್ಟ ಕೊಟ್ಟಾವೇನೋ?"